ದೂರದರ್ಶನದ ಕಥೆಗಳೂ ಲೋಕವ್ಯವಹಾರವೂ

ದೂರದರ್ಶನದಲ್ಲಿ ದಿನಂಪ್ರತಿ ಬರುವ ಧಾರಾವಾಹಿ ಕಥೆಗಳ ವಿಷಯವಾಗಿ ಒಂದು ವೃತ್ತಾಂತಪತ್ರಿಕೆಯು ತನ್ನ ಅಗ್ರಲೇಖನವನ್ನು ಮೀಸಲಿಡುವುದೆಂದರೆ ನಮ್ಮ ವಾಚಕರಲ್ಲಿ ಹಲವರು ಹುಬ್ಬುಗಂಟಿಕ್ಕುವರೆಂಬುದನ್ನು ನಾವು ಬಲ್ಲೆವು. ಕಾವೇರಿಯ ನೀರು, ನಗರದ ಕಸ, ವಿದ್ಯಾವಂತರ ನಿರುದ್ಯೋಗ, ಕಂದಾಯ ಕಚೇರಿಗಳ ವಿಳಂಬ, ಇವೇ ಮೊದಲಾದ ಗುರುತರ ವಿಷಯಗಳು ಇರುತ್ತಿರುವಲ್ಲಿ, ಮನೆಮಂದಿ ಹೊತ್ತು ಕಳೆಯುವುದಕ್ಕಾಗಿ ನೋಡುವ ಆಟಗಳ ಮಾತೇಕೆ ಎಂದು ಕೇಳುವವರು ಇದ್ದೇ ಇರುವರು. ಹೀಗೆ ಕೇಳತಕ್ಕ ಮಹನೀಯರಲ್ಲಿ ಬಹುಮಂದಿ ರಾತ್ರಿಯ ಊಟದ ಹೊತ್ತಿಗೆ ಆ ಪೆಟ್ಟಿಗೆಯ ಮುಂದೆಯೇ ಆಸೀನರಾಗಿರುವರೆಂಬುದೂ ನಮಗೆ ತಿಳಿಯದ ಸಂಗತಿಯಲ್ಲ. ಅದು ಹಾಗಿರಲಿ. ಜನರು ಹೆಚ್ಚಾಗಿ ನೋಡುವ ಕಥೆಗಳಿಂದ ಜನರ ದುಡಿಮೆಯೂ ಲೋಕದ ರಾಜಕೀಯವೂ ಎಷ್ಟರಮಟ್ಟಿಗೆ ತಿಳಿಯಬರಬಲ್ಲುವು, ಕನ್ನಡದ ಕಥೆಗಳಿಂದ ಈಗ ಎಷ್ಟು ತಿಳಿಯಬರುತ್ತಿರುವುದು ಎಂಬುದೇ ಪ್ರಕೃತದ ವಿಚಾರ. ಇದು ಹಗುರವಾದ ಮಾತಲ್ಲವೆಂಬುದಕ್ಕೆ ಇಂಗ್ಲೆಂಡಿನ ಒಂದು ದೃಷ್ಟಾಂತವನ್ನು ಮೊದಲು ಮುಂದಿಡುವೆವು.

ಆ ದೇಶದಲ್ಲಿ ಅಂಚೆ ಕಚೇರಿಗಳನ್ನು ನಡೆಯಿಸುವ ಸಂಸ್ಥೆಯು ಸರ್ಕಾರಕ್ಕೆ ಸೇರಿದುದು. ಊರೂರಿನಲ್ಲಿ ಚಿಕ್ಕ ಅಂಗಡಿಯನ್ನಿಟ್ಟುಕೊಂಡು ಅದರೊಡನೆಯೇ ಅಂಚೆಯ ಕೆಲಸವನ್ನೂ ನೋಡಿಕೊಳ್ಳುವ ಉಪ ಪೋಸ್ಟ್‌ಮಾಸ್ಟರುಗಳೇ ಅದರ ಕೈಕಾಲುಗಳು. ೧೯೯೯ನೆಯ ಇಸವಿಯಿಂದ ಈ ಕಚೇರಿಗಳ ಲೆಕ್ಕವನ್ನೆಲ್ಲಾ ‘ಹೊರೈಜನ್’ ಎಂಬ ಗಣಕಯಂತ್ರದ ಏರ್ಪಾಡಿಗೆ ಒಪ್ಪಿಸಲಾಯಿತು. ಅದನ್ನು ಒದಗಿಸಿದವರು ಜಪಾನಿನ ಫುಜಿತ್ಸು ಕಂಪೆನಿಗೆ ಸೇರಿದವರು. ಯಂತ್ರದ ದೋಷದಿಂದ ಇಲ್ಲದ ಕೊರತೆಗಳು ಲೆಕ್ಕದಲ್ಲಿ ಕಾಣತೊಡಗಿದುವು. ಹಣ ಕಟ್ಟಿಕೊಡೆಂದು ಸಂಸ್ಥೆಯವರು ಪೀಡಿಸಿದರು. ಕಟ್ಟಲಾರದವರ ಮೇಲೆ ಕಳವಿನ ಮತ್ತು ಸುಳ್ಳು ಲೆಕ್ಕದ ಆಪಾದನೆಗಳನ್ನು ಹೊರಿಸಿದರು. ೨೦೧೫ರೊಳಗಾಗಿ ೯೦೦ಕ್ಕೂ ಮಿಗಿಲಾದ ಮಂದಿ ನ್ಯಾಯಸ್ಥಾನಗಳಲ್ಲಿ ಅಪರಾಧಿಗಳೆನ್ನಿಸಿಕೊಂಡರು. ಕೆಲವರು ಸೆರೆಮನೆಗೆ ಹೋದರು. ಕೆಲವರು ಮನೆಮಾರುಗಳನ್ನು ಕಳೆದುಕೊಂಡರು. ಪ್ರಾಣವನ್ನೇ ಕಳೆದುಕೊಂಡವರೂ ಉಂಟು. ಒಬ್ಬೊಬ್ಬರಿಗೂ ಸಂಸ್ಥೆಯಿಂದ ಬರುತ್ತಿದ್ದ ಉತ್ತರವು ಒಂದೇ: ಈ ತೊಂದರೆ ಬೇರೆ ಯಾರಿಗೂ ಇಲ್ಲ, ನಿಮಗೆ ಮಾತ್ರ.

ಈ ಅನ್ಯಾಯವು ಗುಟ್ಟಾಗಿ ಉಳಿದಿದ್ದಿತೆಂದು ಯಾರೂ ತಿಳಿಯಬಾರದು. ೨೦೦೯ರಲ್ಲಿಯೇ ಒಂದು ಗಣಕಯಂತ್ರ ವಿಷಯದ ಪತ್ರಿಕೆಯು ಅದನ್ನು ಬಯಲಿಗೆಳೆದಿದ್ದಿತು. ಆಲನ್ ಬೇಟ್ಸ್ ಎಂಬ ಉಪ ಪೋಸ್ಟ್‌ಮಾಸ್ಟರನ ನೇತೃತ್ವದಲ್ಲಿ ೫೫೫ ಮಂದಿ ಹೂಡಿದ ವ್ಯಾಜ್ಯದಲ್ಲಿ ೨೦೧೯ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ಯಂತ್ರದ ದೋಷವನ್ನು ಎತ್ತಿಹಿಡಿದು ತೀರ್ಪಿತ್ತಿದ್ದಿತು. ವಿಚಾರಣಾ ಸಮಿತಿಯೊಂದು ಕುಳಿತಿದ್ದಿತು. ಆದರೂ ಬಹುಮಂದಿಯ ಮೇಲಿನ ಕಳಂಕವು ಹಾಗೆಯೇ ಉಳಿದಿದ್ದಿತು. ೨೦೨೪ನೆಯ ಜನವರಿ ೧ರಿಂದ ನಾಲ್ಕು ರಾತ್ರಿ ಐಟಿವಿ ಎಂಬ ವಾಹಿನಿಯಲ್ಲಿ ಬೇಟ್ಸನ ಕಥೆಯು ನಾಟಕರೂಪವಾಗಿ ಬಂದಿತು. ಹತ್ತನೆಯ ದಿನ ಪ್ರಧಾನಮಂತ್ರಿ ಸುನಕ್ಕರು (ಇವರನ್ನು ನಮ್ಮ ನಾಡಿನ ಅಳಿಯಂದಿರೆಂದು ನಮ್ಮ ಪತ್ರಿಕೆಗಳು ಕೊಂಡಾಡಿದುದನ್ನು ವಾಚಕರು ಮರೆತಿರಲಾರರು) ಪಾರ್ಲಿಮೆಂಟಿನಲ್ಲಿ ಎದ್ದುನಿಂತು ಈ ನಿರಪರಾಧಿಗಳ ಶಿಕ್ಷೆಗಳನ್ನು ಕಾನೂನಿನ ಮೂಲಕವೇ ರದ್ದುಪಡಿಸುವೆವೆಂದು ಸಾರಿದರು. ಅದೇ ಮೇ ತಿಂಗಳ ೨೪ರಂದು ಕಾನೂನು ಆಗಿಯೂ ಆಯಿತು. ಪತ್ರಿಕೆಗಳೂ ವಕೀಲರೂ ಶಾಸನಸಭೆಯ ಸದಸ್ಯರೂ ಹದಿನೈದು ವರ್ಷ ಹೆಣಗಿಯೂ ಆಗದಿದ್ದುದು ನಾಲ್ಕು ರಾತ್ರಿಗಳ ಕಥೆಯಿಂದಾಯಿತು. ಪತ್ರಿಕೆಯನ್ನು ನಡೆಯಿಸತಕ್ಕ ನಮಗೆ ಇದು ಹಿತವಾದ ಮಾತೇನೂ ಅಲ್ಲ.

ಕಾರಣವೇನು? ಕಣ್ಣೀರೆಂದು ಕೆಲವರು ಹೇಳುವರು. ಕಣ್ಣೀರು ನಮ್ಮ ವಾಹಿನಿಗಳಲ್ಲಿಯೂ ಧಾರಾಳವಾಗಿ ಹರಿಯುತ್ತಿರುವುದು. ಅದರಿಂದ ಯಾವ ಕಾನೂನೂ ಹುಟ್ಟಿದುದನ್ನು ನಾವು ಕಂಡಿಲ್ಲ. ಆ ನಾಟಕವು ತೋರಿಸಿದುದು ಕೆಲಸವನ್ನು. ಹಳ್ಳಿಯ ಅಂಗಡಿಯ ಹೆಂಗಸೊಬ್ಬಳು ರಾತ್ರಿ ಕದವಿಕ್ಕಿಕೊಂಡು ಲೆಕ್ಕ ಹೊಂದಿಸುತ್ತಾಳೆ. ಹೊಂದುವುದಿಲ್ಲ. ಸಹಾಯಕ್ಕೆ ದೂರವಾಣಿಯಲ್ಲಿ ಕೇಳುತ್ತಾಳೆ. ಅವರು ಹೇಳಿದಂತೆ ಗುಂಡಿಯನ್ನೊತ್ತುತ್ತಾಳೆ. ಕೊರತೆಯ ಮೊಬಲಗು ಅವಳ ಕಣ್ಣೆದುರಿಗೇ ಇಮ್ಮಡಿಯಾಗುತ್ತದೆ. ಜೀವಮಾನದಲ್ಲಿ ಒಮ್ಮೆಯಾದರೂ ನಗದು ಪುಸ್ತಕವನ್ನು ಮುಚ್ಚಿದವನಿಗೆ ಆ ನಿಮಿಷದ ಎದೆಗುದಿತವು ಎಂಥದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ನೋಡುವವನಿಗೆ ಮೊದಲು ಆ ಕೆಲಸವು ತಿಳಿಯುವುದು; ಕೆಲಸದ ಮೂಲಕ ಸಂಸ್ಥೆಯು ತಿಳಿಯುವುದು; ಯಂತ್ರವು ಹೇಳಿದುದು ಸರಿಯೆಂದೇ ಭಾವಿಸಬೇಕೆನ್ನುವ ಅಲ್ಲಿಯ ಸಾಕ್ಷ್ಯದ ನಿಯಮವು ತಿಳಿಯುವುದು; ಸರ್ಕಾರಕ್ಕೂ ಪರದೇಶದ ಕಂಪೆನಿಗೂ ನಡುವೆ ಇರುವ ಗುತ್ತಿಗೆಯ ಬಲವು ತಿಳಿಯುವುದು. ರಾಜಕೀಯವು ಹೀಗೆ ಮೇಜಿನ ಮೇಲಿನ ಲೆಕ್ಕದಿಂದ ಹೊರಟು ಪಾರ್ಲಿಮೆಂಟಿನವರೆಗೆ ನಡೆದುಹೋಗುವುದು.

ಈ ವಿದ್ಯೆಯು ಕನ್ನಡಕ್ಕೆ ಅಪರಿಚಿತವಾದುದಲ್ಲ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿಯವರು ಧಾರಾವಾಹಿಯಾಗಿ ಮಾಡಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಈಟಿವಿ ವಾಹಿನಿಯ ಮೂಲಕ ಮನೆಮನೆಗೂ ತಲಪಿಸಿದರು. ಅದರ ನಂಜಮ್ಮನು ಶಾನುಭೋಗರ ಹೆಂಡತಿ. ಗಂಡನು ಕೈಲಾಗದವನು, ಊಟಕ್ಕೆ ಮಾತ್ರ ಮುಂದು. ಶಾನುಭೋಗಿಕೆಯ ಲೆಕ್ಕವನ್ನು ಬರೆಯುವವಳು ನಂಜಮ್ಮ. ಅದರಿಂದ ಬರುವ ಪೋಟಿಗೆಯ ಹಣವನ್ನು ತೆಗೆದುಕೊಳ್ಳುವವನು ಗಂಡ. ರುಜು ಅವನದು, ಅಕ್ಷರ ಇವಳದು. ಮೈಸೂರು ಸಂಸ್ಥಾನದ ಕಂದಾಯದ ಆಡಳಿತವು ದಕ್ಷತೆಗೆ ಹೆಸರಾದುದೆಂದು ನಾವೆಲ್ಲರೂ ಹೆಮ್ಮೆಪಟ್ಟುಕೊಳ್ಳುವೆವಷ್ಟೆ. ಆ ದಕ್ಷತೆಯ ಒಂದು ಭಾಗವು ದಫ್ತರಿನಲ್ಲಿ ಹೆಸರೇ ಇಲ್ಲದ ಹೆಂಗಸರ ಸಂಬಳವಿಲ್ಲದ ದುಡಿಮೆಯಾಗಿದ್ದಿರಬಹುದೆಂಬುದನ್ನು ಯಾವ ಆಡಳಿತ ವರದಿಯೂ ನಮಗೆ ಹೇಳಿಲ್ಲ. ಆ ಧಾರಾವಾಹಿಯು ಹೇಳಿತು. ಪ್ಲೇಗು ಬಂದು ನಂಜಮ್ಮನ ಬೆಳೆದ ಮಕ್ಕಳನ್ನು ಕಸಿದುಕೊಳ್ಳುವಾಗ, ಮುಂಬಯಿಯ ರೇವಿಗೆ ಹಡಗಿನಲ್ಲಿ ಬಂದಿಳಿದ ಒಂದು ಮಾರಿಯು ತುಮಕೂರಿನ ಸೀಮೆಯ ಗುಡಿಸಲಿನವರೆಗೆ ಹೇಗೆ ನಡೆದುಬಂದಿತೆಂಬುದೂ ನೋಡಿದವರ ಮನಸ್ಸಿಗೆ ಬಾರದೆ ಇರಲಿಲ್ಲ.

ಅದಕ್ಕೂ ಮೊದಲು ೧೯೮೬ರಲ್ಲಿ ಶಂಕರ್ ನಾಗ್ ಅವರು ನಮ್ಮ ಯಾದವಗಿರಿಯ ಆರ್. ಕೆ. ನಾರಾಯಣರ ಕಥೆಗಳನ್ನು ಆಗುಂಬೆಯಲ್ಲಿ ಚಿತ್ರೀಕರಿಸಿ ದೇಶಕ್ಕೆಲ್ಲಾ ತೋರಿಸಿದರು. ಮಾಲ್ಗುಡಿಯ ಕಥೆಗಳೆಂದರೆ ಹಳೆಯ ಕಾಲದ ಸಿಹಿಯಾದ ನೆನಪು ಎಂದು ತಿಳಿದವರೇ ಹೆಚ್ಚು. ನಮ್ಮ ಮತದಲ್ಲಿ ಅವು ದುಡಿಮೆಯ ಕಥೆಗಳು. ಕಾಗದ ಹಂಚುವ ತಾನಪ್ಪನು ತಾನು ಸೇವೆ ಮಾಡುವ ಬೀದಿಯ ಹುಡುಗಿಯ ಮದುವೆ ನಿಲ್ಲಬಾರದೆಂದು ಸಾವಿನ ಸುದ್ದಿಯನ್ನು ತಡೆಹಿಡಿದು, ತನ್ನ ನೌಕರಿಯನ್ನೇ ಪಣಕ್ಕೊಡ್ಡುವನು. ತಿಂಗಳಿಗೆ ನಲವತ್ತು ರೂಪಾಯಿನ ಗುಮಾಸ್ತೆಯು ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತುಕೊಟ್ಟು, ರಾಜೀನಾಮೆಯನ್ನೂ ಬರೆದು, ಐದು ರೂಪಾಯಿನ ಬಡ್ತಿಯ ಮುಂದೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವನು. ಕಚೇರಿಗಳಲ್ಲಿ ಮುಪ್ಪಾದ ನಮ್ಮ ವಾಚಕರು ಈ ಕಥೆಗೆ ನಗುವರೋ ಸುಮ್ಮನಿರುವರೋ ನಾವು ಹೇಳಲಾರೆವು.

ಲೋಕರಾಜಕೀಯದ ಮಟ್ಟಿಗೆ ‘ಒಂದು ಕುದುರೆ ಮತ್ತು ಎರಡು ಆಡುಗಳು’ ಎಂಬ ಅರ್ಥದ ಹೆಸರುಳ್ಳ ಕಥೆಯೊಂದೇ ಸಾಕು. ನಲವತ್ತು ತಲೆಯ ಮಂದೆಯಿದ್ದು ಈಗ ಎರಡು ಆಡುಗಳಿಗಿಳಿದ ಮುನಿ ಎಂಬ ಮುದುಕನು ಊರ ಹೊರಗಿನ ಮಣ್ಣಿನ ಕುದುರೆಯ ನೆರಳಿನಲ್ಲಿ ಕುಳಿತಿರುವನು. ಮೋಟಾರಿನ ಪೆಟ್ರೋಲು ಮುಗಿದ ಅಮೆರಿಕದವನೊಬ್ಬನು ಅಲ್ಲಿ ನಿಲ್ಲುವನು. ಅವನ ಭಾಷೆ ಇವನಿಗಿಲ್ಲ, ಇವನದು ಅವನಿಗಿಲ್ಲ. ಅವನು ಕುದುರೆಯನ್ನು ಕೊಂಡೆನೆಂದು ನೂರು ರೂಪಾಯಿ ಕೊಡುವನು; ಇವನು ಆಡುಗಳನ್ನು ಮಾರಿದೆನೆಂದು ತೆಗೆದುಕೊಳ್ಳುವನು. ಊರಿಗೆಲ್ಲಾ ಸೇರಿದ ದೇವರ ಕುದುರೆಯು ಸಮುದ್ರದಾಚೆಗೆ ಹೊರಡುವುದು. ಆಡುಗಳು ತಾವಾಗಿಯೇ ಮನೆಗೆ ಹಿಂದಿರುಗುವುವು. ಬಡರಾಷ್ಟ್ರಗಳೂ ಧನಿಕರಾಷ್ಟ್ರಗಳೂ ಮಾಡಿಕೊಳ್ಳುವ ಒಡಂಬಡಿಕೆಗಳಲ್ಲಿ ಎಷ್ಟು ಈ ಬಗೆಯವೆಂಬುದನ್ನು ಅರ್ಥಶಾಸ್ತ್ರಜ್ಞರು ಎಣಿಸಲಿ. ಒಂದು ಮಾತನ್ನು ಮಾತ್ರ ಇಲ್ಲಿ ಹೇಳದೆ ಇರಲಾಗದು: ಕನ್ನಡ ನೆಲದಲ್ಲಿ, ಕನ್ನಡಿಗ ನಿರ್ದೇಶಕನಿಂದ, ಬಹುಮಟ್ಟಿಗೆ ಕನ್ನಡದ ನಟರನ್ನೇ ಕೂಡಿಸಿ ಮಾಡಿದ ಈ ಕಥೆಗಳು ದೇಶಕ್ಕೆ ಕಾಣಿಸಿಕೊಂಡುದು ಹಿಂದಿ ಇಂಗ್ಲಿಷುಗಳಲ್ಲಿ.

ಟಿ. ಎನ್. ಸೀತಾರಾಮ್ ಅವರ ‘ಮಾಯಾಮೃಗ’ ೧೯೯೮ರ ಸುಮಾರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಬಂದಾಗ ಮಧ್ಯಾಹ್ನದ ನಂತರ ಬೀದಿಗಳು ಬರಿದಾಗುತ್ತಿದ್ದುದನ್ನು ಕಂಡವರು ಇನ್ನೂ ಇರುವರು. ಮುಂದೆ ‘ಮನ್ವಂತರ’, ‘ಮುಕ್ತ’ ಮೊದಲಾದುವುಗಳಲ್ಲಿ ಅವರೇ ಸಿ. ಎಸ್. ಪಿ. ಎಂಬ ವಕೀಲರ ವೇಷದಲ್ಲಿ ನಿಂತು ಸಾಕ್ಷಿಗಳನ್ನು ಪ್ರಶ್ನಿಸುವಾಗ, ಪಾಟೀಸವಾಲೆಂದರೇನು, ಜಾಮೀನೆಂದರೇನು, ಅಧಿಕಾರದಲ್ಲಿರುವವನು ಕಡತವನ್ನು ಹೇಗೆ ಅಡಗಿಸುವನು ಎಂಬುದನ್ನು ಕೋರ್ಟಿನ ಮೆಟ್ಟಿಲನ್ನೇ ಹತ್ತದ ಗೃಹಿಣಿಯರೂ ಅರಿತರು. ಇವುಗಳಲ್ಲಿ ಮಾತು ಹೆಚ್ಚು, ನಡೆ ನಿಧಾನ ಎಂಬ ಆಕ್ಷೇಪಣೆಯು ನ್ಯಾಯವಾದುದೇ. ಆದರೂ ಕಥೆಯ ಜನರಿಗೆ ಒಂದೊಂದು ಉದ್ಯೋಗವಿದ್ದಿತು. ಆ ಉದ್ಯೋಗದಿಂದಲೇ ಅವರ ಸಂಕಟಗಳು ಹುಟ್ಟುತ್ತಿದ್ದುವು.

ಈಗಿನ ಸ್ಥಿತಿಯನ್ನು ನೋಡೋಣ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಬರುವ ಕಥೆಗಳಲ್ಲಿ ಬಹುತೇಕವು ಒಂದು ದೊಡ್ಡ ಮನೆಯೊಳಗೆ ನಡೆಯುವುವು. ಯಜಮಾನನು ಕೋಟ್ಯಧೀಶ್ವರನಾದ ಉದ್ಯಮಿ. ಯಾವ ಉದ್ಯಮ? ಕಾರ್ಖಾನೆ ಎಲ್ಲಿ? ಅಲ್ಲಿ ಎಷ್ಟು ಜನ ಕೂಲಿಗಳು? ಸಾವಿರ ಕಂತುಗಳಾದರೂ ತಿಳಿಯುವಂತಿಲ್ಲ. ಅವನ ಕಚೇರಿಯಲ್ಲಿ ಒಂದು ಗಾಜಿನ ಕೋಣೆ, ಒಂದು ತಿರುಗುವ ಕುರ್ಚಿ, ಯಾರೋ ತಂದುಕೊಟ್ಟ ಕಾಗದಕ್ಕೆ ಒಂದು ರುಜು. ಅಷ್ಟರಲ್ಲಿ ಮನೆಯಿಂದ ಕರೆ ಬರುವುದು. ಹೆಂಗಸರು ಮಲಗುವಾಗಲೂ ರೇಷ್ಮೆಯಲ್ಲಿಯೇ. ಅಡುಗೆಯವಳು, ಕಾರು ನಡೆಯಿಸುವವನು, ಕಾವಲುಗಾರ ಇವರಿಗೆ ಮಾತಿದ್ದರೂ ಮನೆಯಿಲ್ಲ.

ಕಥೆ ಬರೆಯುವವರನ್ನು ಮಾತ್ರ ಇದಕ್ಕಾಗಿ ಹಳಿಯುವುದು ತರವಲ್ಲ. ವಾರಕ್ಕೆ ಐದಾರು ಕಂತುಗಳನ್ನು ಒದಗಿಸಬೇಕು. ಬೆಳಗಿನಿಂದ ರಾತ್ರಿಯವರೆಗೆ ಚಿತ್ರೀಕರಿಸಿ ದಿನಕ್ಕೊಂದು ಕಂತನ್ನು ಮುಗಿಸಬೇಕು. ಬಾಡಿಗೆಯ ಒಂದು ಮನೆಯಾದರೆ ಖರ್ಚು ಒಂದೇ ಸಲದ್ದು. ಕಾರ್ಖಾನೆಗೆ ಹೋದರೆ ಅನುಮತಿ ಬೇಕು, ಬೆಳಕಿನ ಏರ್ಪಾಡು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಆ ಕೆಲಸವನ್ನು ಬಲ್ಲ ಲೇಖಕನು ಬೇಕು. ಇದರ ಮೇಲೆ ಗುರುವಾರ ಗುರುವಾರ ಬರುವ ವೀಕ್ಷಕರ ಅಂಕಿಗಳು. ಎಷ್ಟೋ ಕೋಟಿ ಮನೆಗಳಿರುವ ದೇಶದಲ್ಲಿ ಕೆಲವೇ ಹತ್ತು ಸಾವಿರ ಮನೆಗಳಲ್ಲಿಟ್ಟ ಯಂತ್ರಗಳಿಂದ ಎತ್ತಿದ ಈ ಅಂಕಿಯು ಇಳಿದರೆ ಮುಂದಿನ ವಾರದ ಕಥೆಯು ತಿರುಗುವುದು. ಕಥೆಗಾರನೂ ಅಲ್ಲಿ ದಿನಗೂಲಿಯವನೇ ಆಗಿರುವನು. ಜನರಿಗೆ ದುಡಿಮೆಯ ಕಥೆ ಬೇಡವೆಂದು ವಾಹಿನಿಗಳವರು ಹೇಳುವ ಮಾತನ್ನು ಮಾತ್ರ ನಾವು ಒಪ್ಪಲಾರೆವು. ೨೦೨೧ನೆಯ ಡಿಸೆಂಬರಿನಲ್ಲಿ ಆರಂಭವಾದ ‘ಪುಟ್ಟಕ್ಕನ ಮಕ್ಕಳು’ ಕಥೆಯಲ್ಲಿ ಉಮಾಶ್ರೀಯವರು ಮೆಸ್ ನಡೆಯಿಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ತಾಯಿಯಾಗಿ ಬಂದರು. ಸೌದೆ, ಸಾರು, ಎಲೆ, ಬಾಕಿ ಲೆಕ್ಕ ಎಲ್ಲವೂ ಅದರಲ್ಲಿದ್ದುವು. ಬಂದ ಹೊಸತರಲ್ಲಿ ಅದೇ ಅಂಕಿಗಳಲ್ಲಿ ಕನ್ನಡದ ಕಥೆಗಳಿಗೆಲ್ಲಾ ಮೇಲಾಗಿ ನಿಂತಿತು. ಮುಂದೆ ಅದೂ ಉಳಿದುವುಗಳ ದಾರಿಯನ್ನೇ ಹಿಡಿಯಿತೆನ್ನುವುದು ಬೇರೆಯ ಮಾತು.

ಕಥೆಗಳಿಗೆ ವಸ್ತುವಿಲ್ಲವೆನ್ನುವವರು ಮೈಸೂರಿಗೇ ಬಂದು ನೋಡಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ೧೯೩೭ರಲ್ಲಿ ಸ್ಥಾಪಿತವಾದ ಬಣ್ಣ ಮತ್ತು ಅರಗಿನ ಕಾರ್ಖಾನೆಯು ಬನ್ನಿಮಂಟಪದ ಬಳಿ ಇಂದಿಗೂ ನಡೆಯುತ್ತಿರುವುದು. ೧೯೬೨ರ ಮಹಾ ಚುನಾವಣೆಯಿಂದ ಮೊದಲ್ಗೊಂಡು ಭಾರತದ ಮತದಾರನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯು ಇಲ್ಲಿಯದೇ. ೨೦೨೪ರ ಲೋಕಸಭೆಯ ಚುನಾವಣೆಗೆ ೨೬ ಲಕ್ಷಕ್ಕೂ ಮಿಗಿಲಾದ ಸೀಸೆಗಳು ಇಲ್ಲಿಂದ ಹೋದುವು. ಕಾಂಬೋಡಿಯ, ದಕ್ಷಿಣ ಆಫ್ರಿಕ ಮೊದಲಾಗಿ ೨೫ಕ್ಕೂ ಹೆಚ್ಚು ದೇಶಗಳಿಗೆ ಇದು ರಫ್ತಾಗಿರುವುದು. ಯಾವ ದೇಶದಲ್ಲಿ ಚುನಾವಣೆ ಮುಂದೂಡಲ್ಪಟ್ಟಿತು, ಯಾವ ದೇಶದಲ್ಲಿ ದಂಗೆಯಾಯಿತು ಎಂಬುದು ಇಲ್ಲಿ ಸೀಸೆಗೆ ಮುಚ್ಚಳ ಹಾಕುವವರ ಕೈಗೆಲಸದ ಮೇಲೆ ಪರಿಣಮಿಸುವುದು. ಲೋಕದ ಪ್ರಜಾಪ್ರಭುತ್ವಕ್ಕೂ ಮೈಸೂರಿನ ಕೂಲಿಗೂ ಇದಕ್ಕಿಂತ ಹತ್ತಿರದ ನಂಟು ಇನ್ನೆಲ್ಲಿ ಸಿಕ್ಕೀತು? ಇದನ್ನು ಹೇಳುವ ಒಂದೇ ಒಂದು ಧಾರಾವಾಹಿಯನ್ನು ನಾವು ನೋಡಿಲ್ಲ.

ಮತ್ತೊಂದು. ನಗರದ ಹೆಬ್ಬಾಳಿನ ಕಡೆ ಇನ್ಫೋಸಿಸ್ ಸಂಸ್ಥೆಯ ತರಬೇತಿಯ ಮಹಾ ಆವರಣವಿರುವುದನ್ನು ಎಲ್ಲರೂ ಬಲ್ಲರು. ೨೦೨೫ರ ಫೆಬ್ರವರಿಯಲ್ಲಿ ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ಮಂದಿ ತರಬೇತಿಯ ಉದ್ಯೋಗಿಗಳು, ಮೂರು ಸಲ ಅವಕಾಶವಿತ್ತರೂ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂಬ ಕಾರಣದಿಂದ ಹೊರಗೆ ಹೋಗಬೇಕಾಯಿತು. ಕಾರ್ಮಿಕ ಇಲಾಖೆಯವರು ವಿಚಾರಿಸಿದರು. ಸರಿ ತಪ್ಪುಗಳ ನಿರ್ಣಯವು ನಮ್ಮ ಇಂದಿನ ಕೆಲಸವಲ್ಲ. ಸಾಲಮಾಡಿ ಇಂಜಿನಿಯರಿಂಗ್ ಓದಿಸಿದ ತಂದೆತಾಯಿಗಳಿಗೆ ಆ ಹುಡುಗರು ಸಂಜೆ ಏನೆಂದು ದೂರವಾಣಿ ಮಾಡಿದರು, ಅಮೆರಿಕದ ಗಿರಾಕಿಯೊಬ್ಬನು ಗುತ್ತಿಗೆಯನ್ನು ತಡಮಾಡಿದರೆ ಅದು ಮೈಸೂರಿನ ಹುಡುಗನ ನೇಮಕದ ಕಾಗದವನ್ನು ಎಷ್ಟು ತಿಂಗಳು ತಡಮಾಡುವುದು ಎಂಬುದನ್ನು ಪತ್ರಿಕೆಯ ಮೂರು ಸಾಲುಗಳು ತಿಳಿಸಲಾರವು. ಒಂದು ಒಳ್ಳೆಯ ಕಥೆಯು ತಿಳಿಸೀತು.

ಕಥೆಯು ಯಾವಾಗಲೂ ಬೆಳಕನ್ನೇ ಕೊಡುವುದೆಂದು ನಾವು ಹೇಳುತ್ತಿಲ್ಲ. ಅದು ಕಣ್ಣನ್ನು ಕೋರೈಸಲೂಬಹುದು. ಉಕ್ರೇನ್ ದೇಶದಲ್ಲಿ ೨೦೧೫ರಿಂದ ‘ಜನಸೇವಕ’ನೆಂಬ ಅರ್ಥದ ಹೆಸರಿನ ಒಂದು ನಗೆಯ ಧಾರಾವಾಹಿ ಬಂದಿತು. ಇತಿಹಾಸದ ಮೇಷ್ಟರೊಬ್ಬನು ಲಂಚಕೋರರನ್ನು ಬೈದುದನ್ನು ವಿದ್ಯಾರ್ಥಿಯೊಬ್ಬನು ಗುಟ್ಟಾಗಿ ಚಿತ್ರೀಕರಿಸಿ ಹರಡಲು, ಜನರು ಆ ಮೇಷ್ಟರನ್ನೇ ರಾಷ್ಟ್ರಾಧ್ಯಕ್ಷನನ್ನಾಗಿ ಆರಿಸುವರು. ಆ ಪಾತ್ರವನ್ನು ವಹಿಸಿದ ನಟ ಜೆಲೆನ್‌ಸ್ಕಿ ಕಥೆಯ ಹೆಸರನ್ನೇ ಪಕ್ಷಕ್ಕಿಟ್ಟು ೨೦೧೯ರ ಏಪ್ರಿಲಿನಲ್ಲಿ ನೂರಕ್ಕೆ ಎಪ್ಪತ್ತಮೂರು ಮತಗಳನ್ನು ಪಡೆದು ನಿಜವಾಗಿಯೂ ಅಧ್ಯಕ್ಷನಾದನು. ಅದನ್ನು ತೋರಿಸಿದ ವಾಹಿನಿಯು ದೇಶದ ಮಹಾಧನಿಕರಲ್ಲೊಬ್ಬನದಾಗಿದ್ದಿತೆಂಬುದನ್ನು ಮರೆಯುವಂತಿಲ್ಲ. ಕಥೆಯಲ್ಲಿ ಮೇಷ್ಟರ ವೈರಿಗಳು ಬಹುಮಟ್ಟಿಗೆ ಒಳನಾಡಿನ ಧನಿಕರೂ ಅಧಿಕಾರಿಗಳೂ. ನಿಜದಲ್ಲಿ ಎದುರಾದುದು ೨೦೨೨ರ ಫೆಬ್ರವರಿ ೨೪ರಂದು ಗಡಿಯನ್ನು ದಾಟಿ ನುಗ್ಗಿದ ರಷ್ಯದ ಸೈನ್ಯ. ಆ ಯುದ್ಧದ ಆರನೆಯ ದಿನ, ಮಾರ್ಚ್ ೧ರಂದು, ನಮ್ಮ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬನು ಖಾರ್ಕಿವ್ ನಗರದಲ್ಲಿ ಮಡಿದನು. ಸುದ್ದಿಯ ವಾಹಿನಿಗಳು ಗುಂಡಿನ ಹೊಗೆಯನ್ನು ಹಗಲಿರುಳೂ ತೋರಿಸಿದುವು. ಹಾವೇರಿಯ ಹುಡುಗನು ವೈದ್ಯನಾಗಬೇಕೆಂದರೆ ಖಾರ್ಕಿವ್‌ವರೆಗೆ ಏಕೆ ಹೋಗಬೇಕಾಯಿತೆಂಬುದು, ನಮ್ಮ ಖಾಸಗಿ ಕಾಲೇಜುಗಳ ಶುಲ್ಕದ ಸಂಗತಿ, ಎರಡು ದಿನಗಳ ಚರ್ಚೆಯಲ್ಲಿ ಮುಗಿದುಹೋಯಿತು.

ಹೊರಲೋಕದ ಇಂಥ ಕಥೆಗಳು ಕನ್ನಡಿಗನಿಗೆ ಕನ್ನಡದಲ್ಲಿ ದೊರೆಯಬೇಕೇ ಬೇಡವೇ ಎಂಬುದು ಮುಂದಿನ ಪ್ರಶ್ನೆ. ನಮ್ಮ ನಾಡಿನಲ್ಲಿ ಪರಭಾಷೆಯ ಚಿತ್ರಗಳಿಗೂ ಕಥೆಗಳಿಗೂ ಕನ್ನಡದ ಧ್ವನಿಯನ್ನು ಕೂಡಿಸುವ ಡಬ್ಬಿಂಗ್ ಪದ್ಧತಿಗೆ ದಶಕಗಳ ಕಾಲ ಅಲಿಖಿತವಾದ ನಿಷೇಧವಿದ್ದಿತು. ೨೦೧೨ರ ಮೇ ತಿಂಗಳಲ್ಲಿ ‘ಸತ್ಯಮೇವ ಜಯತೇ’ ಎಂಬ ಕಾರ್ಯಕ್ರಮವು ಹೆಣ್ಣುಭ್ರೂಣಗಳ ಹತ್ಯೆಯ ವಿಷಯವನ್ನೆತ್ತಿಕೊಂಡು ಆರಂಭವಾದಾಗ ತಮಿಳರು ತಮಿಳಿನಲ್ಲಿಯೂ ತೆಲುಗರು ತೆಲುಗಿನಲ್ಲಿಯೂ ಅದನ್ನು ನೋಡಿದರು. ಕನ್ನಡದಲ್ಲಿ ಅದು ಬರಲಾಗಲಿಲ್ಲ. ಬಳಕೆದಾರರ ಪರವಾಗಿ ದೂರು ಹೋಗಿ, ಭಾರತದ ಸ್ಪರ್ಧಾ ಆಯೋಗವು ೨೦೧೫ರ ಜುಲೈಯಲ್ಲಿ ನಮ್ಮ ಚಲನಚಿತ್ರ ವಾಣಿಜ್ಯ ಮಂಡಳಿಯೇ ಮೊದಲಾದವರಿಗೆ ದಂಡವನ್ನು ವಿಧಿಸಿತು. ಇಂಥದೇ ಬಂಗಾಳದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೭ರ ಮಾರ್ಚ್ ೭ರಂದು ಅದೇ ನಿಲವನ್ನು ಎತ್ತಿಹಿಡಿಯಿತು. ೨೦೨೦ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಚಿತ್ರೀಕರಣಗಳೆಲ್ಲಾ ನಿಂತಾಗ, ಮೇ ತಿಂಗಳಲ್ಲಿ, ಹಿಂದಿಯ ಮಹಾಭಾರತವು ಕನ್ನಡದ ಧ್ವನಿಯೊಡನೆ ನಮ್ಮ ಮನೆಗಳಿಗೆ ಬಂದಿತು.

ನಿಷೇಧವನ್ನು ಬೇಡಿದವರನ್ನು ಸ್ವಾರ್ಥಿಗಳೆಂದು ಜರೆಯುವುದು ನಮಗೆ ಸಮ್ಮತವಲ್ಲ. ಬೆಳಕು ಹಿಡಿಯುವವನು, ಬಣ್ಣ ಬಳಿಯುವವನು, ಬಡಗಿ, ದರ್ಜಿ, ಸಣ್ಣ ಪಾತ್ರದ ನಟ, ಇವರೆಲ್ಲರೂ ದಿನಗೂಲಿಯ ಮೇಲೆ ಬದುಕುವವರು. ಸಿದ್ಧವಸ್ತುವು ಅಗ್ಗವಾಗಿ ಹೊರಗಿನಿಂದ ಬಂದಿಳಿದರೆ ಅವರ ಮಗ್ಗ ನಿಲ್ಲುವುದು. ನಮ್ಮ ತಾತಂದಿರು ಮ್ಯಾಂಚೆಸ್ಟರಿನ ಬಟ್ಟೆಯನ್ನು ಬೀದಿಯಲ್ಲಿ ಸುಟ್ಟುದೂ ಇದೇ ಭಯದಿಂದ, ಇದೇ ನ್ಯಾಯದಿಂದ. ಆದರೆ ಅವರು ಮಿಲ್ಲನ ಗ್ರಂಥಗಳನ್ನಾಗಲಿ ಮ್ಯಾಜಿನಿಯ ಚರಿತ್ರೆಯನ್ನಾಗಲಿ ಸುಡಲಿಲ್ಲ, ಕುಳಿತು ಓದಿದರು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಬಂಗಾಳಿಯಿಂದ ಕನ್ನಡಕ್ಕೆ ತಂದರು. ನಮ್ಮ ಅರಮನೆಯ ಆಶ್ರಯದಲ್ಲಿದ್ದ ಬಸವಪ್ಪಶಾಸ್ತ್ರಿಗಳು ಷೇಕ್ಸ್‌ಪಿಯರನ ಒಥೆಲ್ಲೋವನ್ನು ‘ಶೂರಸೇನ ಚರಿತೆ’ಯಾಗಿ ಮಾಡಿ ಮೈಸೂರಿನ ವೇಷವನ್ನು ತೊಡಿಸಿದರು. ಅದರಿಂದ ಕನ್ನಡದ ನಟನ ಅನ್ನ ಹೋಗಲಿಲ್ಲ. ಹೊಸ ಪಾತ್ರವೊಂದು ಸಿಕ್ಕಿತು. ಧಾರಾವಾಹಿಯೆಂಬ ರೂಪವಾದರೂ ನಮ್ಮದೇ? ೧೯೮೪ರಲ್ಲಿ ದೆಹಲಿಯ ದೂರದರ್ಶನವು ಆರಂಭಿಸಿದ ‘ಹಮ್ ಲೋಗ್’ ಎಂಬ ಮೊದಲ ಧಾರಾವಾಹಿಯ ಮಾದರಿಯು ಮೆಕ್ಸಿಕೋ ದೇಶದಿಂದ ಬಂದುದು. ಕನ್ನಡದ ಹಳ್ಳಿಗೆ ದೂರದರ್ಶನವೇ ಬಂದುದು ೧೯೭೫ರ ಆಗಸ್ಟಿನಲ್ಲಿ, ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಲ್ಲಿ, ಅಮೆರಿಕದವರು ಒಂದು ವರ್ಷಕ್ಕೆಂದು ಎರವಲು ಕೊಟ್ಟ ಉಪಗ್ರಹದ ಮೂಲಕ. ವರ್ಷ ತುಂಬಿದೊಡನೆ ಅವರು ಅದನ್ನು ಹಿಂದಕ್ಕೆ ಕರೆದುಕೊಂಡರು. ಸ್ವಂತ ಉಪಗ್ರಹವಿಲ್ಲದವರ ಪಾಡೇನೆಂಬುದನ್ನು ಆ ಹಳ್ಳಿಗಳವರು ಅಂದೇ ಕಂಡರು.

ಆದುದರಿಂದ ನಮ್ಮ ಅಭಿಪ್ರಾಯವು ಹೀಗೆ. ಬಾಗಿಲನ್ನು ಮುಚ್ಚಿದುದರಿಂದ ಕನ್ನಡದ ಕಥೆಯು ಬೆಳೆಯಲಿಲ್ಲ. ಡಬ್ಬಿಂಗ್ ಇಲ್ಲದ ದಿನಗಳಲ್ಲಿ ತೆಲುಗಿನ, ಮರಾಠಿಯ, ಹಿಂದಿಯ ಕಥೆಗಳನ್ನೇ ಕೊಂಡುತಂದು ಹೆಸರು ಬದಲಿಸಿ ಮತ್ತೆ ಚಿತ್ರೀಕರಿಸುವ ರೂಢಿಯು ಬೆಳೆಯಿತು. ಬಡಗಿಗೂ ನಟನಿಗೂ ಕೂಲಿ ಸಿಕ್ಕಿತು, ಸಂತೋಷ. ಕನ್ನಡದ ಕಥೆಗಾರನಿಗೆ ಕೆಲಸ ಸಿಕ್ಕಲಿಲ್ಲ. ಬೇಟ್ಸನ ಕಥೆಯಂಥವು ಕನ್ನಡದ ಧ್ವನಿಯಲ್ಲಿ ಧಾರಾಳವಾಗಿ ಬರಲಿ. ಮರುಚಿತ್ರೀಕರಣಕ್ಕೆ ಚೆಲ್ಲುವ ಹಣದಲ್ಲಿ ಒಂದು ಪಾಲನ್ನಾದರೂ ವಾಹಿನಿಗಳವರು ಇಲ್ಲಿಯ ದುಡಿಮೆಯನ್ನು ಬಲ್ಲ ಇಲ್ಲಿಯ ಲೇಖಕರಿಗೆ ತೆಗೆದಿಡಲಿ. ಖಾಸಗಿ ವಾಹಿನಿಗಳ ಧನಿಗಳು ಮುಂಬಯಿಯಲ್ಲಿಯೂ ಅದರಾಚೆಗೂ ಇರುವರು. ಅವರಿಗೆ ನಮ್ಮ ಮಾತು ಕೇಳಿಸುವುದೋ ಇಲ್ಲವೋ. ‘ಚಂದನ’ ವಾಹಿನಿಯಾದರೋ ಪ್ರಜೆಗಳ ತೆರಿಗೆಯ ಹಣದಿಂದ ನಡೆಯತಕ್ಕುದು. ಗುರುವಾರದ ಅಂಕಿಗಳಿಗೆ ಅದು ಹೆದರಬೇಕಾದ ಕಾರಣವಿಲ್ಲ. ‘ಮಾಯಾಮೃಗ’ವನ್ನು ತೋರಿಸಿದುದು ಅದೇ ಮನೆ.

ಮೊದಲ ವಸ್ತುವು ಯಾವುದೆಂದು ಕೇಳಿದರೆ ನಾವು ನಂಜಮ್ಮನ ಉತ್ತರಾಧಿಕಾರಿಗಳನ್ನು ತೋರಿಸುವೆವು. ೨೦೦೦ದ ಇಸವಿಯಿಂದೀಚೆಗೆ ‘ಭೂಮಿ’ ಯೋಜನೆಯಲ್ಲಿ ಈ ರಾಜ್ಯದ ಪಹಣಿಗಳೆಲ್ಲಾ ಗಣಕಯಂತ್ರಕ್ಕೆ ಏರಿರುವುವು. ಅದರಿಂದಾದ ಅನುಕೂಲವು ಸ್ವಲ್ಪವಲ್ಲ; ಹೆಸರು ತಪ್ಪಾಗಿ ಬಿದ್ದ ರೈತನು ತಾಲ್ಲೂಕು ಕಚೇರಿಗೆ ಹೋದರೆ ‘ಕಂಪ್ಯೂಟರಿನಲ್ಲಿ ಹಾಗಿದೆ’ ಎಂಬ ಉತ್ತರವನ್ನು ಕೇಳಿ ಹಿಂದಿರುಗುವುದೂ ಸುಳ್ಳಲ್ಲ. ಕಟಕಟೆಯ ಆಚೆಗೆ ಕುಳಿತವನ ಪಾಡೂ ಸುಖದ್ದಲ್ಲ. ಹಿಂದಿನ ಗ್ರಾಮಲೆಕ್ಕಿಗರು, ಈಗಿನ ಗ್ರಾಮ ಆಡಳಿತ ಅಧಿಕಾರಿಗಳು, ಹದಿನೈದಕ್ಕೂ ಮಿಗಿಲಾದ ಆ್ಯಪುಗಳಲ್ಲಿ ಕೆಲಸಮಾಡಬೇಕಾಗಿದೆ, ಅದಕ್ಕೆ ತಕ್ಕ ಸಲಕರಣೆಗಳನ್ನೂ ಕೂರಲು ಸ್ಥಳವನ್ನೂ ಸರ್ಕಾರವು ಕೊಟ್ಟಿಲ್ಲವೆಂದು ೨೦೨೪ರ ಕೊನೆಯ ಭಾಗದಲ್ಲಿ ರಾಜ್ಯದಾದ್ಯಂತ ಕೆಲಸ ನಿಲ್ಲಿಸಿ ಕುಳಿತರು; ೨೦೨೫ರ ಆರಂಭದಲ್ಲಿ ಮತ್ತೆ ಕುಳಿತರು. ಮುಷ್ಕರದ ಸುದ್ದಿಯನ್ನು ಎಲ್ಲ ಪತ್ರಿಕೆಗಳಂತೆ ನಾವೂ ಅಚ್ಚುಮಾಡಿದೆವು. ಆ ಅಧಿಕಾರಿಗಳಲ್ಲಿ ಅನೇಕರು ಹೆಣ್ಣುಮಕ್ಕಳು. ರಾತ್ರಿ ಹತ್ತು ಗಂಟೆಯಲ್ಲಿ, ಸಂಕೇತ ಸಿಕ್ಕದ ಊರಿನಲ್ಲಿ, ಕೈಯಲ್ಲಿ ಫೋನು ಹಿಡಿದು ಬೆಳೆಸಮೀಕ್ಷೆಯ ಚಿತ್ರವನ್ನು ಏರಿಸಲು ಮಾಳಿಗೆಯ ಮೇಲೆ ಹತ್ತಿ ನಿಂತವಳ ಕೈಬೆರಳಿನ ತಪ್ಪೊಂದರಿಂದ ಯಾವ ರೈತನ ಪರಿಹಾರವು ತಪ್ಪೀತು, ಆ ತಪ್ಪಿನ ಹೊಣೆ ಯಾರ ತಲೆಗೆ ಬಂದೀತು, ಆ ಆ್ಯಪನ್ನು ಬರೆದವನು ಯಾವ ಊರಿನಲ್ಲಿ ಕುಳಿತಿರುವನು ಎಂಬುದಿಷ್ಟು ಹದಿಮೂರು ಕಂತುಗಳಿಗೆ ಯಥೇಚ್ಛವಾಗಿ ಸಾಲುವುದು.